ಪುಟ್ಟಿ, ತಾತನ ಕೈ ನೋಡಿ ಪಾಪ ಅನ್ನಬೇಡ

ಪುಟ್ಟಿ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ನಿನ್ನ ತಾತ ಕೂತಿದ್ದಾರಲ್ಲ, ಅದು. ಕೆಳಗೆ ಬರೆದಿದ್ದೀಯಲ್ಲ, 'ಕೈ ಎಷ್ಟು ಬೆಂದಿದೆ, ಪಾಪ ತಾತ, ನಿಜಕ್ಕೂ ಏನು ಕೆಲಸ ಮಾಡುತ್ತಿದ್ದರು' ಅಂತ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಕೇಳು. ಅಜ್ಜಿಗೂ ಕೇಳಿಸು, ನಾನು ತಪ್ಪು ಹೇಳಿದರೆ ಅವರೇ ಬೈಯುತ್ತಾರೆ.

ನಿನ್ನ ತಾತ, ನನ್ನ ದೊಡ್ಡಪ್ಪ, ರೀಲರ್. ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು. ಶಿಡ್ಲಘಟ್ಟದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನೀನು ಬೆಂಗಳೂರಲ್ಲಿ ಬೆಳೆದವಳು ಅಂತ ಹೇಳುತ್ತಿದ್ದೇನೆ. ನಾನು ಅವರ ಮನೆಗೆ ಓದಲು ಬಂದಾಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ ತಾನೇ.

ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿಗೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಜಾಲರಿಯಲ್ಲಿ ಗೂಡು ಹರಡಿರುತ್ತಿತ್ತು. ಎಲ್ಲರೂ ಮೇಲಿನದು ನೋಡಿದರೆ ಇವರು ಮೊಣಕೈವರೆಗೆ ಒಳಗೆ ಕೈ ಹಾಕುತ್ತಿದ್ದರು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗಿನ ಹುಳ ಗಟ್ಟಿಯಾಗಿ ಸದ್ದು ಮಾಡಿದರೆ ಸರಿ. ಸತ್ತು ಅಂಟಿಕೊಂಡಿದ್ದರೆ ಸದ್ದು ಬರುವುದಿಲ್ಲ, ಗೂಡಿನ ಮೇಲೆ ಕಲೆಯೂ ಕೂರುತ್ತದೆ. ನಮ್ಮ ಕಡೆಯ ಹಳದಿ ಗೂಡು ಹೆಚ್ಚುಕಮ್ಮಿ ಏಳು ಕಿಲೋ ಬೇಕು, ಒಂದು ಕಿಲೋ ನೂಲಿಗೆ. ಈ ಲಾಟು ಏಳಕ್ಕೆ ಬರುತ್ತದಾ, ಎಂಟು ತಿನ್ನುತ್ತದಾ ಅಂತ ಆ ಒಂದು ಹಿಡಿಯಲ್ಲೇ ಲೆಕ್ಕ. ತಂದ ಮೇಲೆ ಇಟ್ಟುಕೊಂಡು ಕೂರುವ ಹಾಗೂ ಇಲ್ಲ. ಬಿಟ್ಟರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಉದ್ದ ಎಳೆ ಬರುವುದಿಲ್ಲ.

ಇನ್ನು ಆ ಕೈ. ಚರಕದಲ್ಲಿ ಗೂಡು ಬೇಯುವುದೂ ಅದೇ ಬಾಣಲೆ, ನೂಲು ತೆಗೆಯುವುದೂ ಅದೇ ಬಾಣಲೆ. ಕಡ್ಡಿಯಿಂದ ಕಲಕಿದರೆ ಸಿಕ್ಕು ಸಿಕ್ಕಾಗಿ ಎಳೆ ಮೇಲೆ ಬರುತ್ತದೆ. ಅದನ್ನು ತೆಗೆದು ಹಾಕಿದ ಮೇಲೆ ಸರಿಯಾದ ತುದಿ. ಒಂದು ಗೂಡಿನ ಎಳೆ ಕಣ್ಣಿಗೇ ಕಾಣುವುದಿಲ್ಲ, ಎಷ್ಟೋ ಗೂಡು ಸೇರಿ ಒಂದು ನೂಲು. ಹೊರಗಿನ ಎಳೆ ದಪ್ಪ, ಒಳಗೆ ಹೋದಂತೆ ಸಣ್ಣ ಆಗುತ್ತದೆ. ಅದಕ್ಕೇ ಹೊಸ ಗೂಡು ಎಷ್ಟು, ಅರ್ಧ ಮುಗಿದ ಗೂಡು ಎಷ್ಟು ಅಂತ ಸದಾ ಹೊಂದಿಸುತ್ತಿರಬೇಕು. ಇಲ್ಲದಿದ್ದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಒಂದು ಗೂಡು ಮುಗಿದ ತಕ್ಷಣ ಇನ್ನೊಂದರ ತುದಿಯನ್ನು ಓಡುವ ನೂಲಿಗೆ ತಾಕಿಸುತ್ತಿದ್ದರು. ಗಂಟು ಇಲ್ಲ, ಏನಿಲ್ಲ. ರೇಷ್ಮೆಯ ಅಂಟೇ ಹಿಡಿದುಕೊಳ್ಳುತ್ತದೆ. ಬಿಸಿನೀರಿನಲ್ಲಿ, ಆವಿಯ ನಡುವೆ, ಎಣಿಸದೆ ಮಾಡುತ್ತಿದ್ದರು ಪುಟ್ಟಿ. ನಾನು ಒಮ್ಮೆ ಕೈ ಇಟ್ಟು ಕಿರುಚಿಕೊಂಡಿದ್ದೆ. ಮನೆಯ ಮಕ್ಕಳು ಬಾಣಲೆ ಹತ್ತಿರ ಬರಬಾರದು ಅಂತ ಕಟ್ಟುನಿಟ್ಟು ಆಗಿದ್ದು ಅವತ್ತಿನಿಂದಲೇ.

ಫೋಟೋದಲ್ಲಿ ಬಲಗಡೆ ಒಂದು ಸೀರೆ ಸೆರಗು ಕಾಣುತ್ತದೆ, ನೋಡಿದೆಯಾ? ಅದು ಅಜ್ಜಿ. ನೂಲು ಸುತ್ತಿಕೊಳ್ಳುವ ರಾಟೆ ತಿರುಗಿಸುತ್ತಿದ್ದವರು ಅವರು. ನೂಲು ಕಿತ್ತರೆ ದೊಡ್ಡಪ್ಪ 'ನಿಲ್ಲಿಸು' ಅಂತ ಹೇಳಿದ್ದು ನಾನು ಕೇಳಿಲ್ಲ. ಗಂಟಲಲ್ಲಿ ಸಣ್ಣದಾಗಿ 'ಹ್ಞೂಂ' ಅನ್ನುತ್ತಿದ್ದರು, ರಾಟೆ ನಿಂತಿರುತ್ತಿತ್ತು. ಎಷ್ಟೋ ಸಲ ಅವರು ಅನ್ನುವ ಮೊದಲೇ ನಿಂತಿರುತ್ತಿತ್ತು. ಜಗಳ ಆದ ದಿನ ಮಾತ್ರ ಅಜ್ಜಿ ಜೋರಾಗಿ ತಿರುಗಿಸುತ್ತಿದ್ದರು, ಬೇಕು ಅಂತಲೇ. (ದೊಡ್ಡಮ್ಮಾ, ಸುಳ್ಳಾ ಹೇಳಿ?)

ಈಗ ಒಂದು ಮಾತು, ಯಾರಿಗೂ ಹೇಳಿರಲಿಲ್ಲ. ಬೆಂದ ಹುಳದ ವಾಸನೆ ಗೊತ್ತಲ್ಲ, ಮೈಗೆ ಹತ್ತಿದರೆ ಸುಮ್ನೆ ಹೋಗುವುದಿಲ್ಲ. ದೊಡ್ಡಪ್ಪ ಸೀಗೆಕಾಯಿ ಹಾಕಿ ಉಜ್ಜಿ ಸ್ನಾನ ಮಾಡಿದ ಮೇಲೇ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕೆಲಸದ ನಡುವೆ ಎದ್ದು ನನ್ನ ಫೀಸು ಕಟ್ಟಲು ಶಾಲೆಗೆ ಬಂದರು. ಪಕ್ಕದ ಹುಡುಗರು ಮೂಗು ಮುಚ್ಚಿಕೊಂಡು, ಯಾರೋ ಅದು ಅಂತ ಕೇಳಿದರು. ನಾನು 'ಗೊತ್ತಿಲ್ಲ' ಅಂದೆ. ಅವರಿಗೆ ಕೇಳಿಸಿತು. ಸಂಜೆ ಮನೆಯಲ್ಲಿ ಅದರ ಸುದ್ದಿಯೇ ಎತ್ತಲಿಲ್ಲ. ಯಾವತ್ತಿನ ಹಾಗೆ ಕಾಗದದಲ್ಲಿ ಕಟ್ಟಿದ ಬೋಂಡ ಕೊಟ್ಟರು. ಆಮೇಲೆ ಫೀಸು ಕಟ್ಟಲು ದೊಡ್ಡಮ್ಮ ಬರುತ್ತಿದ್ದರು, ಅಷ್ಟೇ.

2011ರಲ್ಲಿ ಹೊರದೇಶದ ರೇಷ್ಮೆ ನೂಲಿನ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿದು ನಮ್ಮ ನೂಲಿನ ರೇಟು ಬಿದ್ದಾಗ ಅಜ್ಜಿಯ ಬಳೆ ಗಿರವಿಗೆ ಹೋಯಿತು. ನಿನ್ನ ಅಮ್ಮನ ಕಾಲೇಜು ನಿಲ್ಲಲಿಲ್ಲ. ಬಳೆ ಬಿಡಿಸಿ ತಂದ ದಿನ ದೊಡ್ಡಪ್ಪ ತಾವೇ ತೊಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಬೆರಳು ಗಡುಸಾಗಿ ಕೊಂಡಿ ಹಾಕಲು ಬರುತ್ತಿರಲಿಲ್ಲ. ಕೂದಲಿಗಿಂತ ಸಣ್ಣ ಎಳೆ ಹಿಡಿಯುವ ಬೆರಳು, ನೋಡು!

ಅದಕ್ಕೇ ಪಾಪ ಅನ್ನಬೇಡ ಅಂದಿದ್ದು. ಬೇರೆ ಏನಾದರೂ ಅನ್ನು.

ಮುಂದಿನ ವಾರ ತಿಥಿಗೆ ಬರುತ್ತೀರಲ್ಲ, ಒಂದು ದಿನ ಜಾಸ್ತಿ ಉಳಿಯಿರಿ. ಚರಕ ಅಟ್ಟದ ಮೇಲಿದೆ, ನಾನು ಇಳಿಸುತ್ತೇನೆ. ಮಾರ್ಕೆಟ್ಟಿನಿಂದ ಒಂದು ಕಿಲೋ ಹಳದಿ ಗೂಡು ತರುತ್ತೇನೆ. ಅಜ್ಜಿಗೆ ಮಂಡಿ ನೋವು, ಆದರೆ ತುದಿ ಹುಡುಕಿಕೊಡುತ್ತಾರೆ. ರಾಟೆ ನೀನು ತಿರುಗಿಸು. ಸರಿ, ಕುಕ್ಕರ್ ಮೂರು ಸಲ ಕೂಗಿತು, ಇಡುತ್ತೇನೆ.