ತಮಾಷೆಗೆ ಬರೆದ ಮಾತನ್ನು ಗಂಭೀರವಾಗಿ ಓದಿಕೊಂಡರೆ ಏನು ಮಾಡುವುದು? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಬಂಧುಗಳು, ಹಳೆಯ ಸಹಪಾಠಿಗಳು, ಸಹೋದ್ಯೋಗಿಗಳು ಎಲ್ಲರೂ ಬೆರೆತಿರುವ ವಾಟ್ಸಾಪ್ ಗುಂಪೊಂದರಲ್ಲಿ "ಬೆಳಗಿನ ಐದಕ್ಕೆ ಏಳುವವರನ್ನು ನಂಬಬಾರದು" ಎಂದು ತಮಾಷೆಗೆ ಬರೆದಿದ್ದೆ. ಹಿರಿಯರೊಬ್ಬರು ಅದು ತಮ್ಮನ್ನು ಕುರಿತೇ ಹೇಳಿದ್ದೆಂದು ಭಾವಿಸಿ ಮಾತು ನಿಲ್ಲಿಸಿದ್ದಾರೆ. ಇನ್ನು ಮುಂದೆ ಪ್ರತಿ ಸಾಲಿಗೂ ನಗುಮುಖ ಅಂಟಿಸಬೇಕೆ, ಇಲ್ಲವೇ ಇಂತಹ ಹಗುರ ಮಾತುಗಳನ್ನೇ ಬಿಟ್ಟುಬಿಡಬೇಕೆ? ಅನುಭವವಿರುವವರು ದಯವಿಟ್ಟು ತಿಳಿಸಿ.

ಒಬ್ಬ ಅಡ್ಮಿನ್: ಬಿಡಬೇಕಾಗಿಲ್ಲ. ಇಂತಹದೇ ಮಿಶ್ರ ಗುಂಪೊಂದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಅಲ್ಲಿನ ಮನಸ್ತಾಪಗಳಲ್ಲಿ ಒಂದು ಸಾಮಾನ್ಯ ಅಂಶ ಕಂಡಿದೆ. ಬರೆಯುವಾಗ ನಮ್ಮ ಕಿವಿಯಲ್ಲಿ ನಮ್ಮದೇ ದನಿ ಕೇಳಿಸುತ್ತಿರುತ್ತದೆ. ಆ ದನಿಯೂ ಅಕ್ಷರಗಳ ಜೊತೆಗೆ ಹೋಗುತ್ತದೆ ಎಂದು ನಾವು ನಂಬಿರುತ್ತೇವೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಪ್ರಯೋಗದಲ್ಲಿ, ತಮ್ಮ ಇಮೇಲಿನ ಸಾಲು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುವವರು ಸುಮಾರು ಶೇ. 78ರಷ್ಟು ಸಲ ಸರಿಯಾಗಿ ಗುರುತಿಸುತ್ತಾರೆಂದು ಬರೆದವರು ಎಣಿಸಿದ್ದರು. ಗುರುತಿಸಿದ್ದು ಸುಮಾರು ಶೇ. 56ರಷ್ಟು ಮಾತ್ರ. ನಾಣ್ಯ ಚಿಮ್ಮಿ ತೀರ್ಮಾನಿಸಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಅದೇ ಮಾತನ್ನು ಧ್ವನಿಯಲ್ಲಿ ಕೇಳಿದವರು ಇದಕ್ಕಿಂತ ಬಹಳ ಚೆನ್ನಾಗಿ ಊಹಿಸಿದ್ದರು.

ಹಾಗಾಗಿ ದನಿಯನ್ನು ನೆಚ್ಚಿಕೊಂಡ ಹಾಸ್ಯವನ್ನು ಆಪ್ತರಿಗೆ ಮೀಸಲಿಟ್ಟು, ದೊಡ್ಡ ಗುಂಪಿನಲ್ಲಿ ವಾಕ್ಯವೇ ನಗಿಸುವಂತೆ ಬರೆಯುವುದು ಲೇಸು. ನಿಮ್ಮ ಸಾಲು ತೀರ್ಪಿನ ಧಾಟಿಯಲ್ಲಿದೆ, ಮತ್ತು ಯಾರ ಮೇಲೆ ತೀರ್ಪು ಕೊಟ್ಟಿರೋ ಅವರು ಅದೇ ಗುಂಪಿನಲ್ಲಿದ್ದಾರೆ. "ಐದಕ್ಕೆ ಏಳುವವರನ್ನು ಕಂಡರೆ ನನಗೆ ಭಯ, ಎಲ್ಲಿ ನನ್ನನ್ನೂ ಎಬ್ಬಿಸಿಬಿಡುತ್ತಾರೋ" ಎಂದಿದ್ದರೆ ಅಭಿಪ್ರಾಯ ಹೆಚ್ಚುಕಡಿಮೆ ಅದೇ ಇರುತ್ತಿತ್ತು, ನಗೆಗೀಡಾಗುವವರು ಮಾತ್ರ ನೀವಾಗುತ್ತಿದ್ದಿರಿ. ಆ ಹಿರಿಯರೇ "ನಾಳೆಯಿಂದ ಫೋನ್ ಮಾಡಿ ಎಬ್ಬಿಸುತ್ತೇನೆ" ಎಂದು ಮಾತು ಮುಂದುವರಿಸುತ್ತಿದ್ದರೇನೋ. ಇನ್ನೊಂದು ದಾರಿ ಉತ್ಪ್ರೇಕ್ಷೆ. ಅರೆಬರೆ ಉತ್ಪ್ರೇಕ್ಷೆ ಅಭಿಪ್ರಾಯದಂತೆಯೇ ಕಾಣುತ್ತದೆ, ಆದರೆ "ಸೂರ್ಯನನ್ನು ಎಬ್ಬಿಸಿ ಕಳಿಸುವವರು ಇವರೇ ಇರಬೇಕೆಂದು ನನ್ನ ಗುಮಾನಿ" ಎಂಬ ಮಾತಿಗೆ ಯಾರೂ ಪುರಾವೆ ಕೇಳುವುದಿಲ್ಲ.

ಇನ್ನೊಬ್ಬ ಸದಸ್ಯರು: ಉತ್ಪ್ರೇಕ್ಷೆಯ ವಿಷಯದಲ್ಲಿ ನನ್ನದು ಭಾಗಶಃ ಭಿನ್ನಾಭಿಪ್ರಾಯ. ನಿದ್ರೆ, ಮಳೆ, ಸೋಮಾರಿತನಗಳ ಬಗ್ಗೆ ಅದು ನಡೆಯುತ್ತದೆ. ರಾಜಕೀಯ, ಧರ್ಮ, ಆರೋಗ್ಯದ ಬಗ್ಗೆ ನಡೆಯುವುದಿಲ್ಲ. ಏಕೆಂದರೆ ಅಲ್ಲಿ ನಾವು ಅಸಾಧ್ಯವೆಂದುಕೊಂಡು ಬರೆಯುವ ಮಾತನ್ನು ಮನಃಪೂರ್ವಕವಾಗಿ ನಂಬುವವರೂ ಇರುತ್ತಾರೆ. ನೇಥನ್ ಪೋ ಎಂಬವರು 2005ರಲ್ಲಿ ಸೃಷ್ಟಿವಾದದ (ಜೀವಿಗಳನ್ನು ದೇವರೇ ಸೃಷ್ಟಿಸಿದನೆಂಬ ನಂಬಿಕೆಯ) ಬಗೆಗಿನ ಅಂತರ್ಜಾಲ ಚರ್ಚೆಯೊಂದರಲ್ಲಿ ಹೇಳಿದ್ದು ಇದನ್ನೇ: ತಮಾಷೆಯೆಂಬ ಸ್ಪಷ್ಟ ಗುರುತಿಲ್ಲದಿದ್ದರೆ, ಎಂತಹ ಅಣಕವನ್ನು ಬರೆದರೂ ಅದನ್ನು ನಿಜವೆಂದು ತಿಳಿಯುವವರು ಯಾರಾದರೂ ಇದ್ದೇ ಇರುತ್ತಾರೆ. ಔಷಧದ ಬಗ್ಗೆ ಬರೆದ ಅಣಕವೊಂದು ಗುಂಪಿನಿಂದ ಗುಂಪಿಗೆ ಫಾರ್ವರ್ಡ್ ಆಗುತ್ತ, ಮೂಲ ಲೇಖಕರ ಹೆಸರೂ ನಗುವೂ ಕಳಚಿಹೋಗಿ, ಕೊನೆಗೆ ಸಲಹೆಯ ರೂಪದಲ್ಲಿ ನಮ್ಮ ಮನೆಗೇ ಬಂದು ಸೇರಿದ್ದನ್ನು ನಾನು ನೋಡಿದ್ದೇನೆ.

ನಿವೃತ್ತ ಅಧ್ಯಾಪಕಿ: ನಗುಮುಖದ ಬಗ್ಗೆ ಕೇಳಿದ್ದೀರಿ. ಅದರ ಹುಟ್ಟೇ ಇಂತಹ ಗೊಂದಲದಿಂದ ಆದದ್ದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್‌ನಲ್ಲಿ ಸಂದೇಶ ಹಾಕುವ ಸೂಚನಾ ಫಲಕದಲ್ಲಿ, ಲಿಫ್ಟ್‌ನೊಳಗೆ ಪಾದರಸ ಚೆಲ್ಲಿದೆಯೆಂಬ ತಮಾಷೆಯನ್ನು ಕೆಲವರು ನಿಜವೆಂದು ಭಾವಿಸಿದ ಮೇಲೆ, ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರ್ 19ರಂದು ಕೋಲನ್, ಅಡ್ಡಗೆರೆ ಮತ್ತು ಆವರಣ ಚಿಹ್ನೆಯನ್ನು ಜೋಡಿಸಿ ತಮಾಷೆಗೆ ಗುರುತು ಮಾಡಲು ಸೂಚಿಸಿದರು. ಆದ್ದರಿಂದ ಬಳಸಿ, ಸಂಕೋಚ ಬೇಡ. ಆದರೆ ಚುಚ್ಚುಮಾತಿನ ಕೊನೆಗೆ ನಗುಮುಖವಿಟ್ಟರೆ ಚುಚ್ಚು ಕಡಿಮೆಯಾಗುವುದಿಲ್ಲ, ಚುಚ್ಚಿ ನಕ್ಕಂತೆ ಕಾಣುತ್ತದೆ. ಅಲ್ಲದೆ, ಬಾಯಿ ಮುಚ್ಚಿ ಮೆಲ್ಲಗೆ ನಗುವ ಮುಖವನ್ನು ನನ್ನ ವಯಸ್ಸಿನವರು ಸೌಜನ್ಯಕ್ಕೆಂದು ಹಾಕಿದರೆ ನನ್ನ ಮೊಮ್ಮಕ್ಕಳು ಅದನ್ನು ಅಸಮಾಧಾನವೆಂದೇ ಓದುತ್ತಾರೆ.

ಹಿರಿಯರ ಪರವಾಗಿಯೂ ಒಂದು ಮಾತು. ಕಾಗದ ಬರೆದು ಬೆಳೆದವರಿಗೆ ಬರೆದ ಮಾತೆಂದರೆ ಯೋಚಿಸಿ ಹೇಳಿದ ಮಾತು. ನಿಮಗೆ ಹರಟೆಯಾಗಿರುವುದು ಅವರಿಗೆ ಹೇಳಿಕೆಯಾಗಿ ಕಾಣುವುದು ಸಹಜ. ಅದನ್ನು ಹಾಸ್ಯಪ್ರಜ್ಞೆಯ ಕೊರತೆ ಎನ್ನುವುದು ನ್ಯಾಯವಲ್ಲ.

ಅದೇ ಅಡ್ಮಿನ್: ಒಪ್ಪುತ್ತೇನೆ. ಈಗ ಆಗಿರುವುದನ್ನು ಸರಿಪಡಿಸುವ ಬಗ್ಗೆ ಹೇಳುವುದಾದರೆ, ಗುಂಪಿನಲ್ಲಿ ವಿವರಣೆ ಬರೆಯಬೇಡಿ. ಎಲ್ಲರೆದುರು ಬಿಡಿಸಿ ಹೇಳಿದ ನಗೆಮಾತು ನಗೆಯನ್ನೂ ಕಳೆದುಕೊಳ್ಳುತ್ತದೆ, ಗಮನಿಸದೇ ಇದ್ದವರನ್ನೂ ಕರೆದು ತೋರಿಸುತ್ತದೆ. "ತಮಾಷೆಯೂ ತಿಳಿಯುವುದಿಲ್ಲವೇ" ಎಂಬ ವಾಕ್ಯವಂತೂ ಬೇಡವೇ ಬೇಡ, ನಾನು ಕಂಡಂತೆ ಗುಂಪು ತೊರೆದವರಲ್ಲಿ ಹೆಚ್ಚಿನವರು ಅದನ್ನು ಕೇಳಿದ ಮೇಲೆಯೇ ತೊರೆದಿದ್ದಾರೆ. ಅವರಿಗೆ ನೇರವಾಗಿ ಕರೆ ಮಾಡಿ, "ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ, ಬೇಸರವಾಗಿದ್ದರೆ ಕ್ಷಮಿಸಿ" ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋಗಿ. ಮುಂದಿನ ಸಲ ಕಳುಹಿಸಿದ ತಕ್ಷಣ ಒಮ್ಮೆ ಓದಿ ನೋಡಿಕೊಳ್ಳಿ; 2023ರಿಂದ ವಾಟ್ಸಾಪ್‌ನಲ್ಲಿ ಸಂದೇಶವನ್ನು ತಿದ್ದಲು 15 ನಿಮಿಷಗಳ ಅವಕಾಶವಿದೆ. ಅಳಿಸುವುದಕ್ಕಿಂತ ತಿದ್ದುವುದು ಮೇಲು, ಏಕೆಂದರೆ ಅಳಿಸಿದ ಗುರುತನ್ನು ಕಂಡವರು ಅಲ್ಲಿ ಏನಿತ್ತೆಂದು ವಿಚಾರಿಸುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ.