ರೋಡ್ ಬೈಕ್ (ರೇಸ್ ಮಾದರಿ ಸೈಕಲ್) ತೂಕ ಇಳಿಸಬೇಕು, ಕೈಯಲ್ಲಿ 15,000 ಇದೆ. ಪುಣೆಯಲ್ಲಿ ಮಾಡಿಸಿಕೊಂಡವರು ಅನುಭವ ಹೇಳಿ

ವಾರಜೆ ಸವಾರ
ಎಲ್ಲರಿಗೂ ನಮಸ್ಕಾರ. ನನ್ನದು ಅಲ್ಯೂಮಿನಿಯಂ ಫ್ರೇಮ್, ಶಿಮಾನೊ ಟಿಯಾಗ್ರಾ 10 ಸ್ಪೀಡ್ ಗೇರ್, ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವಂಥದ್ದು). ಪೆಡಲ್, ಬಾಟಲ್ ಕೇಜ್ ಸೇರಿ 10.2 ಕೆಜಿ. ವಾರದ ದಿನಗಳಲ್ಲಿ ಎನ್‌ಡಿಎ ರೋಡ್, ಭಾನುವಾರ ಸಿಂಹಗಡ ಕೋಟೆಯ ಏರು. ಮನೆ ಲೋನ್ ನಡೀತಿದೆ, ಹೊಸ ಬೈಕ್ ಸದ್ಯಕ್ಕಿಲ್ಲ. ಟೈರ್, ಟ್ಯೂಬ್, ಸೀಟ್‌ಪೋಸ್ಟ್ (ಸೀಟಿನ ಕೆಳಗಿನ ಕೊಳವೆ), ಕ್ಯಾಸೆಟ್ (ಹಿಂದಿನ ಗೇರ್‌ನ ಹಲ್ಲುಚಕ್ರಗಳ ಜೋಡಣೆ), ಇವುಗಳಲ್ಲಿ ಯಾವುದನ್ನು ಮೊದಲು ಬದಲಿಸಲಿ?

ಬಾಣೇರ್ ಹುಬ್ಬಳ್ಳಿಯವ
ಟೈರ್, ಟ್ಯೂಬ್. ಇದರಲ್ಲಿ ಯೋಚನೆ ಮಾಡೋದೇ ಇಲ್ಲ. ಅಡುಗೆಮನೆ ತಕ್ಕಡಿಯಲ್ಲಿ ನಾನೇ ತೂಗಿದ ಲೆಕ್ಕ ಕೊಡುತ್ತೇನೆ. ಬೈಕ್ ಜೊತೆ ಬಂದ ತಂತಿ ಅಂಚಿನ ಟೈರ್ 365 ಗ್ರಾಂ. ಹಾಕಿದ ಫೋಲ್ಡಿಂಗ್ ಟೈರ್ 222. ಹಳೇ ಬ್ಯೂಟೈಲ್ (ಸಾದಾ ರಬ್ಬರ್) ಟ್ಯೂಬ್ 108, ಟಿಪಿಯು (ತೆಳು ಪ್ಲಾಸ್ಟಿಕ್) ಟ್ಯೂಬ್ 36. ಒಂದು ಚಕ್ರಕ್ಕೆ 215, ಎರಡಕ್ಕೆ 430 ಗ್ರಾಂ. ಟೈರ್ ಜೋಡಿ 9,400, ಟ್ಯೂಬ್ ಜೋಡಿ 1,500. ಅಂದರೆ ಒಂದು ಗ್ರಾಂ ಇಳಿಸೋಕೆ 25 ರೂಪಾಯಿ. ಇದಕ್ಕಿಂತ ಅಗ್ಗವಾಗಿ ಇಳಿಸಿದವರಿದ್ದರೆ ಲೆಕ್ಕ ತೋರಿಸಲಿ. ಅದೂ ಚಕ್ರದ ಅಂಚಿನ ತೂಕ, ಒಂದು ಗ್ರಾಂ ಎರಡು ಗ್ರಾಂಗೆ ಸಮ.

ಪಿಂಪ್ರಿ ಬೆಳಗಾವಿ
ಸೀಟ್‌ಪೋಸ್ಟ್ ವಿಷಯಕ್ಕೆ ಹೋಗಬೇಡಿ ಅಣ್ಣಾ. ನನ್ನ ಗತಿ ಕೇಳಿ.

27.2 ಮಿಮೀ ಕಾರ್ಬನ್ ಪೋಸ್ಟ್, 5,200. ಕಾರ್ಬನ್‌ಗೆ ಗ್ರೀಸ್ ಹಚ್ಚೋ ಹಾಗಿಲ್ಲ, ಬೇರೆ ಪೇಸ್ಟ್ ಬೇಕು, ಅದು 650. ಎಷ್ಟು ಬಿಗಿ ಮಾಡಬೇಕು ಅನ್ನೋದು ಕೈಗೆ ಗೊತ್ತಾಗೋದಿಲ್ಲ, ಟಾರ್ಕ್ ವ್ರೆಂಚ್ ಬೇಕೇ ಬೇಕು, ಅದು 2,800. ಹಳೇ ಅಲ್ಯೂಮಿನಿಯಂ ಪೋಸ್ಟ್ 268 ಗ್ರಾಂ, ಹೊಸದು 192. ಉಳಿದಿದ್ದು 76.

ಕ್ಲಾಂಪ್ ಮೇಲೆ ಬರೆದ 5 ನ್ಯೂಟನ್ ಮೀಟರ್‌ಗೇ ಬಿಗಿ ಮಾಡಿದೆ. ಒಳ್ಳೆ ರಸ್ತೆಯಲ್ಲಿ ಸುಮ್ನೆ ಇರುತ್ತಿತ್ತು. ಹಳೇ ಕಾತ್ರಜ್ ಘಾಟ್‌ನ ಗುಂಡಿ ಶುರುವಾದರೆ ಪೋಸ್ಟ್ ಒಳಗೆ ಜಾರುತ್ತಿತ್ತು. ಮೇಲೆ ಮುಟ್ಟುವಷ್ಟರಲ್ಲಿ ಮಂಡಿ ನೋವು. ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿಟ್ಟಿದ್ದೆ, ಟೇಪ್ ಕ್ಲಾಂಪ್ ಹತ್ತಿರ ಬಂದು ಸುಕ್ಕುಗಟ್ಟಿ ಕೂರುತ್ತಿತ್ತು. ಅಂಗಡಿಗೆ ಕೊಟ್ಟರೆ ಅಲ್ಲಿನ ಹುಡುಗ ಟಾರ್ಕ್ ವ್ರೆಂಚ್ ಮುಟ್ಟಲೇ ಇಲ್ಲ, ಸಾದಾ ಅಲೆನ್ ಕೀಯಲ್ಲಿ ತಿರುವಿದ. ಮುಂದಿನ ಸಲ ಬಿಚ್ಚಿದಾಗ ಕ್ಲಾಂಪ್ ಕೂತಿದ್ದ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ವಾರಂಟಿ ಕೇಳಿದರೆ ‘ಜಾಸ್ತಿ ಬಿಗಿ ಮಾಡಿದ್ದೀರಿ’ ಅಂತ ವಾಪಸ್ ಕಳಿಸಿದರು. ಬಿಗಿ ಮಾಡಿದ್ದು ಅವರದೇ ಹುಡುಗ! ಒಟ್ಟು 8,650 ನೀರುಪಾಲು. ಈಗ ಮತ್ತೆ ಹಳೇ ಪೋಸ್ಟ್.

ಘಾಟ್ ಇಳಿಯುವವ
ಬಾಣೇರ್‌ನವರೇ, ಅವರದು ರಿಮ್ ಬ್ರೇಕ್ ಅಂತ ಮೂರನೇ ಮಾತಿಗೇ ಬರೆದಿದ್ದಾರೆ. ಓದಿದ್ದೀರಾ? ಬ್ರೇಕ್ ಹಿಡಿದಾಗ ರಿಮ್ ಕಾಯುತ್ತದೆ, ಬಿಸಿಗೆ ಟಿಪಿಯು ಮೆತ್ತಗಾಗುತ್ತದೆ. ತೀರಾ ತೆಳು ಟ್ಯೂಬ್‌ಗಳ ಡಬ್ಬದ ಮೇಲೆ ಡಿಸ್ಕ್ ಬ್ರೇಕ್‌ಗೆ ಮಾತ್ರ ಅಂತ ಅಚ್ಚು ಹಾಕಿರುತ್ತಾರೆ. ಪಂಚಗಣಿಯಿಂದ ವಾಯಿಗೆ ಪಸರಣಿ ಘಾಟ್ ಇಳಿಯುವಾಗ ನನ್ನ ಮುಂದಿನ ಟ್ಯೂಬ್ ವಾಲ್ವ್ ಬುಡದಲ್ಲಿ ಬಿಟ್ಟುಕೊಂಡಿತು. ತಿರುವಿನಲ್ಲಿ. ಹಿಂದೆ ಎಸ್‌ಟಿ ಬಸ್. ಬಸ್ ಡ್ರೈವರ್ ನಿಲ್ಲಿಸಿದ್ದಕ್ಕೆ ಇವತ್ತು ಇಲ್ಲಿ ಬರೆಯುತ್ತಿದ್ದೇನೆ. 36 ಗ್ರಾಂ ಅಂತ ಕೊಂಡಾಡುವವರು ಇದನ್ನೂ ಹೇಳಬೇಕು.

ಬಾಣೇರ್ ಹುಬ್ಬಳ್ಳಿಯವ
ನಿಮ್ಮ ಚಕ್ರ ಕಾರ್ಬನ್ ರಿಮ್ ಅಲ್ವಾ? ಹೋದ ಚಳಿಗಾಲದಲ್ಲಿ ಲವಾಸಾದಲ್ಲಿ ನೋಡಿದ್ದೇನೆ. ಅದನ್ನು ಯಾಕೆ ಬಿಟ್ಟಿರಿ? ಕಾರ್ಬನ್ ಬಿಸಿಯನ್ನು ಹೊರಗೆ ಬಿಡೋದಿಲ್ಲ, ಅಲ್ಯೂಮಿನಿಯಂ ಬೇಗ ಬಿಡುತ್ತದೆ. ಎರಡೂ ಒಂದೇ ಅಂತ ಹೆದರಿಸಬೇಡಿ.

ಘಾಟ್ ಇಳಿಯುವವ
ಬೇಗ ಬಿಡುತ್ತದೆ, ಕಾಯೋದೇ ಇಲ್ಲ ಅಂತಲ್ಲ. ನಿಮ್ಮದು ಡಿಸ್ಕ್. ನಿಮಗೆ ಆ ಭಯ ಇಲ್ಲ. ಇನ್ನೊಬ್ಬರ ಪ್ರಾಣದ ಮೇಲೆ ಗ್ರಾಂ ಲೆಕ್ಕ ಹಾಕಬೇಡಿ.

ಹಡಪ್ಸರ್ ರಾಯಚೂರು
ಎಲ್ಲರೂ ಸುಮ್ನೆ ದುಡ್ಡು ಸುರಿಯುತ್ತಿದ್ದೀರಿ. ಹೊಟ್ಟೆ ಎರಡು ಕೆಜಿ ಇಳಿಸಿ, ಪುಕ್ಕಟೆ.

ಕೋಥ್ರೂಡ್ ಅಕ್ಕ
ಈ ಮಾತು ಬಂದೇ ಬರುತ್ತದೆ ಅಂತ ಗೊತ್ತಿತ್ತು. ನನ್ನ ತೂಕ 51 ಕೆಜಿ. ಎಲ್ಲಿಂದ ಇಳಿಸಲಿ ಹೇಳಿ? 85 ಕೆಜಿ ಗಂಡಸಿಗೆ 10 ಕೆಜಿ ಬೈಕ್ ಅಂದರೆ ತನ್ನ ತೂಕದ ಎಂಟರಲ್ಲೊಂದು ಪಾಲು. ನನಗೆ ಐದರಲ್ಲೊಂದು. ನಮ್ಮಂಥವರಿಗೆ ಒಂದೊಂದು ಗ್ರಾಂ ಕಾಲಿಗೆ ಗೊತ್ತಾಗುತ್ತದೆ.

ನಾನು ಪೆಡಲ್ ಬದಲಿಸಿದೆ. ಶಿಮಾನೊ ಎಂ520 ಜೋಡಿ 380 ಗ್ರಾಂ. ಅವರದೇ 105 ಸರಣಿಯ ಕಾರ್ಬನ್ ಪೆಡಲ್ 265. ಆದರೆ ಕ್ಲೀಟ್ (ಶೂ ಅಡಿಯಲ್ಲಿ ಕೂರಿಸಿ ಪೆಡಲ್‌ಗೆ ಸಿಕ್ಕಿಸೋ ತುಂಡು) ಬೇರೆ, ಶೂ ಬೇರೆ. ಪೆಡಲ್‌ಗೆ 9,200 ಆದರೆ ಶೂಗೆ ಮತ್ತೆ 6,500. ದೊಡ್ಡ ಕ್ಲೀಟ್‌ನಲ್ಲಿ ಸಿಗ್ನಲ್ ಹತ್ತಿರ ನಡೆಯೋಕೂ ಆಗೋದಿಲ್ಲ, ಟೈಲ್ಸ್ ಮೇಲೆ ಜಾರುತ್ತದೆ. ಹಾಗಿದ್ದರೂ ನನಗೆ ಬೇಸರವಿಲ್ಲ. ನನ್ನ ದುಡ್ಡು, ನನ್ನ ಕಾಲು.

ಸ್ಯಾಡಲ್ (ಸೀಟು) ಮಾತ್ರ ತೂಕ ನೋಡಿ ತಗೋಬೇಡಿ. ಅದು ಮೈಗೆ ಹೊಂದಬೇಕು. ಹಗುರ ಅಂತ ತಗೊಂಡು ಕಪಾಟಿನಲ್ಲಿಟ್ಟವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ.

ಹಡಪ್ಸರ್ ರಾಯಚೂರು
ಮೇಡಂ, ನಿಮಗೆ ಹೇಳಿದ್ದಲ್ಲ. ಕೇಳಿದವರಿಗೆ ಹೇಳಿದ್ದು.

ಕೋಥ್ರೂಡ್ ಅಕ್ಕ
ಕೇಳಿದವರು ತಮ್ಮ ತೂಕ ಎಲ್ಲೂ ಬರೆದಿಲ್ಲ. ಹೊಟ್ಟೆ ಇದೆ ಅಂತ ನಿಮಗೆ ಯಾರು ಹೇಳಿದರು?

ನಾಂದೇಡ್ ಸಿಟಿ ಇಂಜಿನಿಯರ್
ಒಂದು ಗ್ರಾಂ ಎರಡಕ್ಕೆ ಸಮ ಅನ್ನೋದನ್ನು ದಯವಿಟ್ಟು ಬಿಡಿ. ಅದು ಚಕ್ರದ ವೇಗ ಏರುವಾಗ ಮಾತ್ರ. ಘಾಟ್ ಹತ್ತುವಾಗ ಹೆಚ್ಚುಕಮ್ಮಿ ಒಂದೇ ವೇಗ, ಅಲ್ಲಿ ಗ್ರಾಂ ಎಲ್ಲಿದ್ದರೂ ಗ್ರಾಮೇ. ಸಿಂಹಗಡದ ಬುಡದಿಂದ ಮೇಲಿನ ಪಾರ್ಕಿಂಗ್‌ಗೆ ಸುಮಾರು 600 ಮೀಟರ್ ಏರು ಅಂತ ಹಿಡಿಯಿರಿ. ಅರ್ಧ ಕೆಜಿ ಅಷ್ಟು ಎತ್ತೋಕೆ 3,000 ಜೌಲ್ ಹತ್ತಿರ. 200 ವ್ಯಾಟ್ ತುಳಿಯುವವರಿಗೆ ಉಳಿಯೋದು 15 ಸೆಕೆಂಡ್. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ರೇಸ್‌ಗಳಲ್ಲೇ ಬೈಕ್ 6.8 ಕೆಜಿಗಿಂತ ಕಡಿಮೆ ಇರೋ ಹಾಗಿಲ್ಲ.

ನಾನು ತೂಕ ಹೆಚ್ಚಿಸಿದೆ. 11-28 ಕ್ಯಾಸೆಟ್ ತೆಗೆದು 11-34 ಹಾಕಿಸಿದೆ, ಅಂದರೆ ದೊಡ್ಡ ಹಲ್ಲುಚಕ್ರಕ್ಕೆ 28ರ ಬದಲು 34 ಹಲ್ಲು, ಏರಿನಲ್ಲಿ ತುಳಿಯೋದು ಸುಲಭ. ಇಂಥ ಹೊತ್ತಿನಲ್ಲಿ ಭಾರದ ಕ್ಯಾಸೆಟ್ಟಾ ಅಂತ ಗ್ರೂಪ್‌ನಲ್ಲಿ ನಕ್ಕರು. ಕಡೇ ಏರಿನಲ್ಲಿ ಅವರು ಇಳಿದು ತಳ್ಳುವಾಗ ನಾನು ಕೂತೇ ಹತ್ತುತ್ತೇನೆ. ಕ್ಯಾಸೆಟ್, ಚೈನ್, ಕೂಲಿ ಸೇರಿ 4,300. ಬಾಟಲಿಯೂ ಒಂದೇ ಒಯ್ಯುತ್ತೇನೆ, 750 ಮಿಲಿ ನೀರು ಅಂದರೆ ಮುಕ್ಕಾಲು ಕೆಜಿ. ಮೇಲೆ ಮಜ್ಜಿಗೆ ಸಿಗುತ್ತದೆ.

ಬಾಣೇರ್ ಹುಬ್ಬಳ್ಳಿಯವ
ಏಪ್ರಿಲ್‌ನಲ್ಲಿ ಒಂದೇ ಬಾಟಲಿ? ಈಗ ಪ್ರಾಣದ ಮೇಲೆ ಲೆಕ್ಕ ಹಾಕುತ್ತಿರೋದು ಯಾರು? ಅದೂ ಅಲ್ಲದೆ ಪುಣೆಯಲ್ಲಿ ಯಾರು ಒಂದೇ ವೇಗದಲ್ಲಿ ಹೋಗುತ್ತಾರೆ ಸರ್? ವಾರಜೆ ಸೇತುವೆ ಕೆಳಗೆ ನಿಂತು ನಿಂತು ಹೊರಡಬೇಕು. ಅಲ್ಲಿ ಹಗುರ ಚಕ್ರ ಗೊತ್ತಾಗುತ್ತದೆ.

ನಾಂದೇಡ್ ಸಿಟಿ ಇಂಜಿನಿಯರ್
ಬೆಳಗಿನ ಐದೂವರೆಗೆ ಹೊರಟರೆ ಒಂದು ಬಾಟಲಿ ಸಾಕು. ಚಕ್ರ ಹಗುರ ಅಂತ ಗೊತ್ತಾಗೋದು ಒಳ್ಳೆ ಟೈರ್ ಸಲೀಸಾಗಿ ಉರುಳೋದರಿಂದ. ತೂಕದಿಂದಲ್ಲ.

ಪಿಂಪ್ರಿ ಬೆಳಗಾವಿ
ಸಲೀಸಾಗಿ ಉರುಳುವ ಟೈರ್ ಹಳೇ ಮುಂಬೈ ಹೈವೇಯಲ್ಲಿ ಎಷ್ಟು ದಿನ ಬಾಳುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಲಾರಿ ಟೈರ್ ಸಿಡಿದು ಬಿದ್ದ ಸಣ್ಣ ತಂತಿಗಳಿವೆಯಲ್ಲ, ಕಣ್ಣಿಗೆ ಕಾಣೋದಿಲ್ಲ. ಟೈರ್ ಒಳಗೆ ಬೆರಳು ಆಡಿಸಿದರೆ ಮಾತ್ರ ಚುಚ್ಚುತ್ತದೆ. ಮಳೆಗಾಲದಲ್ಲಿ ನೀರಿನ ಜೊತೆ ಇನ್ನೂ ಬೇಗ ಒಳಗೆ ಹೋಗುತ್ತವೆ. ಅಷ್ಟು ದುಬಾರಿ ಟೈರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚಿಡಿ.

ವಾರಜೆ ಸವಾರ
ಎಲ್ಲರಿಗೂ ಥ್ಯಾಂಕ್ಸ್. ಫೋಲ್ಡಿಂಗ್ ಟೈರ್, ತೆಳು ಬ್ಯೂಟೈಲ್ ಟ್ಯೂಬ್, 11-34 ಕ್ಯಾಸೆಟ್ ಅಂತ ತೀರ್ಮಾನ ಮಾಡಿದ್ದೇನೆ. ಟಿಪಿಯು ಬೇಡ, ಮನೆಯಲ್ಲಿ ಹೆಂಡತಿ ಇದನ್ನೆಲ್ಲ ಓದಿದ್ದಾಳೆ. ಈಗಿರುವ ಡಿರೇಲರ್‌ಗೆ (ಹಿಂದೆ ಚೈನ್ ಸರಿಸಿ ಗೇರ್ ಬದಲಿಸುವ ಭಾಗ) 34 ಆಗುತ್ತದಾ?

ನಾಂದೇಡ್ ಸಿಟಿ ಇಂಜಿನಿಯರ್
ನಿಮ್ಮ ಟಿಯಾಗ್ರಾ 4700 ಸರಣಿಯೇ ಆದರೆ, ಡಿರೇಲರ್‌ನ ಕೇಜ್ (ಕೆಳಗೆ ನೇತಾಡುವ ಭಾಗ) ಹಿಂದೆ ಜಿಎಸ್ ಅಂತಿದ್ದರೆ 34 ಆಗುತ್ತದೆ. ಎಸ್ಎಸ್ ಅಂತಿದ್ದರೆ 28ಕ್ಕೇ ಮುಗಿಯಿತು. ಚೈನ್ ಹೊಸದೇ ತಗೊಳ್ಳಿ, ಹಳೇದು ಗಿಡ್ಡ ಆಗುತ್ತದೆ. ಕತ್ತರಿಸೋ ಮುಂಚೆ ಮುಂದೆ ದೊಡ್ಡ ರಿಂಗ್, ಹಿಂದೆ 34ರ ಮೇಲೆ ಸುತ್ತಿ ಅಳತೆ ನೋಡಿ ಅಂತ ಅಂಗಡಿಯವರಿಗೆ ಹೇಳಿ. ಪಕ್ಕದಲ್ಲೇ ನಿಂತು ಮಾಡಿಸಿ.