ಅಪ್‌ಡೇಟ್: ಕ್ಲೇ ಕಿವಿಯೋಲೆಗಳ ಮೇಲಿನ ರೆಸಿನ್ ಕೊನೆಗೂ ಗಟ್ಟಿಯಾಯಿತು

ಪಾಲಿಮರ್ ಕ್ಲೇಯಿಂದ (ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿಯಿಂದ) ಮಾಡಿದ ಓಲೆಗಳಿಗೆ ಬಳಿದ ಯುವಿ ರೆಸಿನ್ (ನೇರಳಾತೀತ ದೀಪದ ಬೆಳಕಿಗೆ ಗಟ್ಟಿಯಾಗುವ ದ್ರವ) ಎರಡು ದಿನವಾದರೂ ಅಂಟಂಟಾಗಿಯೇ ಇರುತ್ತದೆ, ಅಂಚಿನಲ್ಲಿ ಸಿಪ್ಪೆಯಂತೆ ಏಳುತ್ತದೆ, ಏಕೆ ಎಂದು ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ದೀಪವೇ ಕೆಟ್ಟಿರಬೇಕೆಂಬುದು ನನ್ನ ಊಹೆಯಾಗಿತ್ತು; ಅದು ತಪ್ಪು.

ಓವನ್‌ನೊಳಗೆ ಪ್ರತ್ಯೇಕ ಥರ್ಮಾಮೀಟರ್ ಇಟ್ಟು ನೋಡಿದಾಗ, ಪೊಟ್ಟಣದ ಮೇಲೆ ಸೂಚಿಸಿದ್ದ 130 ಡಿಗ್ರಿ ಸೆಲ್ಸಿಯಸ್‌ಗೆ ಬದಲಾಗಿ ಉಷ್ಣತೆ 110ರ ಆಸುಪಾಸಿನಲ್ಲೇ ನಿಂತಿತ್ತು. ಈಗ ಸರಿಯಾದ ಶಾಖದಲ್ಲಿ ಅರ್ಧ ಗಂಟೆ ಬೇಯಿಸಿ, ಪೂರ್ತಿ ತಣಿದ ಮೇಲೆ 400 ಗ್ರಿಟ್‌ನ ನಯವಾದ ಮರಳು ಕಾಗದದಿಂದ ಉಜ್ಜಿ, ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬೆರಳಿನ ಜಿಡ್ಡು ತಾಗದಂತೆ ಅಂಚನ್ನಷ್ಟೇ ಹಿಡಿದು ರೆಸಿನ್ ಬಳಿಯುತ್ತಿದ್ದೇನೆ. ಸಿಪ್ಪೆ ಏಳುವುದು ನಿಂತಿದೆ.

ಅಂಟಂಟಾಗಿ ಉಳಿಯಲು ಕಾರಣ ಬೇರೆಯೇ ಇತ್ತು: ರೆಸಿನ್ನಿಗೆ ಧಾರಾಳವಾಗಿ ಬೆರೆಸುತ್ತಿದ್ದ ಬಿಳಿ ಬಣ್ಣವು ಬೆಳಕನ್ನು ಒಳಕ್ಕಿಳಿಯಲು ಬಿಡುತ್ತಿರಲಿಲ್ಲ. ಬಣ್ಣವನ್ನು ಕ್ಲೇಗೇ ಸೇರಿಸಿ, ಪಾರದರ್ಶಕ ರೆಸಿನನ್ನು ತೆಳುವಾಗಿ ಎರಡು ಪದರ ಬಳಿದು, ಪ್ರತಿ ಪದರವನ್ನೂ ದೀಪದಡಿ ಬೇರೆಬೇರೆಯಾಗಿ ಗಟ್ಟಿಗೊಳಿಸಿದರೆ ಮೇಲ್ಮೈ ಗಾಜಿನಂತೆ ಬರುತ್ತದೆ.

ಕೈಗವಸು ತೊಡಬೇಕೆಂಬ ಸಲಹೆಯನ್ನು ಅತಿಯೆಂದುಕೊಂಡಿದ್ದೆ (ಬೆರಳು ಕೆಂಪಾಗಿ ತುರಿಸುವವರೆಗೆ). ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ಅಲರ್ಜಿ ತರಬಲ್ಲದು. ಈಗ ನೈಟ್ರೈಲ್ ಗವಸು ತೊಟ್ಟು, ಕಿಟಕಿ ತೆರೆದು ಕೂರುತ್ತೇನೆ. ಸಣ್ಣ ಗಾಳಿಗುಳ್ಳೆಗಳು ಮಾತ್ರ ಇನ್ನೂ ಉಳಿದಿವೆ. ಸದ್ಯಕ್ಕೆ ಅವನ್ನು ಸೂಜಿಮೊನೆಯಿಂದಲೇ ಒಡೆಯುತ್ತಿದ್ದೇನೆ.